ಆರರಲ್ಲಿ ಐದು ಇಳಿದವು, ಒಂದು ಏರಿತು: ಅಗ್ಗದ ಗಿಟಾರೊಂದರ ಟ್ರೆಮೊಲೊ ಪ್ರಕರಣ

ದೂರು ಹೊಸದೇನಲ್ಲ. ಶ್ರುತಿ ಏರಿಳಿಸಲು ಬ್ರಿಡ್ಜಿಗೆ (ಒಡಲಿನ ಮೇಲೆ ತಂತಿಗಳನ್ನು ಹೊತ್ತ ಲೋಹದ ಭಾಗಕ್ಕೆ) ಸಿಕ್ಕಿಸಿದ ಟ್ರೆಮೊಲೊ ಬಾರ್ ಮುಟ್ಟದೆ ನುಡಿಸಿದರೆ ಗಿಟಾರ್ ತಕ್ಕಮಟ್ಟಿಗೆ ಶ್ರುತಿಯಲ್ಲಿ ನಿಲ್ಲುತ್ತದೆ. ಬಾರನ್ನು ಎರಡು ಸಲ ಒತ್ತಿ ಬಿಟ್ಟರೆ ಮುಂದಿನ ಕಾರ್ಡ್ (ಹಲವು ತಂತಿ ಒಟ್ಟಿಗೆ ಮೀಟಿದ ಸ್ವರಗುಚ್ಛ) ಕೇಳಲಾಗದು. ಅಂಗಡಿಯಲ್ಲಿ ಸಿಕ್ಕ ಸಲಹೆ ಮೂರು: ಬ್ರಿಡ್ಜ್ ಬದಲಿಸಿ, ಲಾಕಿಂಗ್ ಟ್ಯೂನರ್ (ತಂತಿಯನ್ನು ಕಚ್ಚಿಹಿಡಿವ ಬಿರಡೆ) ಹಾಕಿಸಿ, ಇಲ್ಲವೇ ಇದನ್ನು ಮಾರಿ ದುಬಾರಿಯದು ಕೊಳ್ಳಿ. ದೋಷ ಎಲ್ಲಿದೆ ಎಂದು ಯಾರೂ ನೋಡುವ ಮೊದಲೇ ಮೂರೂ ಸಲಹೆ ಬಂದಿದ್ದವು.

ವಾದ್ಯ ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರಿನ ಆಕಾರದ್ದು. ತಂತಿಯ ಕಂಪನ ಹಿಡಿವ ಮೂರು ಸಿಂಗಲ್ ಕಾಯಿಲ್ ಪಿಕಪ್, ಆರು ಸ್ಕ್ರೂಗಳ ಮೇಲೆ ಆಡುವ ಟ್ರೆಮೊಲೊ. ಬಾಸ್‌ವುಡ್ ಮರದ ಒಡಲು, ದಪ್ಪ 40 ಮಿ.ಮೀ.; ಮೇಪಲ್ ಮರದ ಕತ್ತು; ಸ್ಕೇಲ್, ಅಂದರೆ ತಂತಿಯ ನುಡಿಯುವ ಉದ್ದ, 648 ಮಿ.ಮೀ., ನಟ್ಟಿನ (ಕತ್ತಿನ ತುದಿಯಲ್ಲಿ ತಂತಿ ಹಾಯುವ ತೋಡುಪಟ್ಟಿಯ) ಅಗಲ 42 ಮಿ.ಮೀ.; ತಂತಿ 9-42, ಅಂದರೆ ಸಣ್ಣದು ಇಂಚಿನ ಸಾವಿರದಲ್ಲಿ 9 ಪಾಲು, ದಪ್ಪದ್ದು 42 ಪಾಲು. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ಈ ದರ್ಜೆಯ ಗಿಟಾರ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ದೋಷಗಳನ್ನು ಒಂದೇ ವಾದ್ಯದ ಮೇಲೆ ಕೂಡಿಸಿ ಬರೆದ ಪ್ರಕರಣ ಇದು. ಅಳತೆಗಳೂ ಇಂಥವುಗಳಲ್ಲಿ ಸಿಗುವಂಥವೇ.

ಫ್ರೆಟ್‌ಬೋರ್ಡಿನ (ಫ್ರೆಟ್ ಎಂಬ ಲೋಹದ ಮೆಟ್ಟಿಲುಗಳನ್ನು ಕೂರಿಸಿದ ಕತ್ತಿನ ಹಲಗೆಯ) ಬಗ್ಗೆ ಒಂದು ಮಾತು. ಕ್ಯಾಟಲಾಗಿನಲ್ಲಿ ಅದನ್ನು ‘ಇಂಡಿಯನ್ ಲಾರೆಲ್’ ಎಂದು ಬರೆದಿರುತ್ತಾರೆ. ಅದು ಬೇರೇನೂ ಅಲ್ಲ, ಮೊಸಳೆ ಚರ್ಮದಂಥ ತೊಗಟೆಯ ನಮ್ಮ ಕಾಡಿನ ಮತ್ತಿ. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲ ಅಂತರರಾಷ್ಟ್ರೀಯ ವಹಿವಾಟಿನ ನಿಯಂತ್ರಣಕ್ಕೆ ಬಂದಾಗ ತಯಾರಕರು ಬದಲಿ ಮರ ಹುಡುಕಿದರು, ಮತ್ತಿಗೆ ಬೇಡಿಕೆ ಬಂತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದರೂ ಅಗ್ಗದ ಗಿಟಾರ್‌ಗಳಲ್ಲಿ ಮತ್ತಿ ಉಳಿದುಕೊಂಡಿತು. ಬೀಟೆಯಲ್ಲ ಎಂಬ ಕಾರಣಕ್ಕೆ ಇದನ್ನು ಕಳಪೆ ಎನ್ನುವುದು ತಪ್ಪು. ಗಟ್ಟಿ ಮರ, ಸರಿಯಾಗಿ ಒಣಗಿಸಿದ್ದರೆ ಚೆನ್ನಾಗಿಯೇ ಬಾಳುತ್ತದೆ. ‘ಸರಿಯಾಗಿ ಒಣಗಿಸಿದ್ದರೆ’ ಎಂಬಲ್ಲಿಯೇ ತಕರಾರು. ಅದಕ್ಕೆ ಆಮೇಲೆ ಬರೋಣ.

ತಕ್ಕಡಿ ಎಲ್ಲಿ ತಪ್ಪುತ್ತದೆ

ಈ ಯಂತ್ರದ ಮೂಲ 1954ರ ಫೆಂಡರ್ ಸ್ಟ್ರಾಟೊಕ್ಯಾಸ್ಟರ್. ಲಿಯೊ ಫೆಂಡರ್ ಅವರಿಗೆ ಪೇಟೆಂಟ್ ಸಿಕ್ಕಿದ್ದು 1956ರಲ್ಲಿ. ಹೆಸರಿನಲ್ಲೇ ಎಡವಟ್ಟಿದೆ: ಟ್ರೆಮೊಲೊ ಎಂದರೆ ನಾದದ ಬಲ ಏರಿಳಿಯುವುದು, ಈ ಬಾರ್ ಏರಿಳಿಸುವುದು ಶ್ರುತಿಯನ್ನು. ಅದು ವೈಬ್ರೆಟೊ, ನಮ್ಮ ಕಂಪಿತದ ದೂರದ ನಂಟ. ಆದರೂ ತಪ್ಪು ಹೆಸರೇ ಊರ್ಜಿತವಾಯಿತು.

ಕೆಲಸ ಮಾಡುವ ಬಗೆ ಸರಳ. ಒಂದು ಉಕ್ಕಿನ ತಟ್ಟೆ. ಅದರ ಮುಂದಿನ ಅಂಚನ್ನು ಆರು ಸ್ಕ್ರೂಗಳು ಒಡಲಿಗೆ ಹಿಡಿದಿವೆ. ತಟ್ಟೆಯ ಅಡಿಯಿಂದ ಲೋಹದ ದಿಮ್ಮಿಯೊಂದು ಒಡಲನ್ನು ತೂರಿ ಹಿಂಬದಿಯ ಗೂಡಿಗೆ ಇಳಿಯುತ್ತದೆ. ಅದೇ ಬ್ಲಾಕ್. ತಂತಿಗಳ ತುದಿಯ ಗುಂಡು ಇರುವುದು ಅದರೊಳಗೆ. ಬ್ಲಾಕಿನ ಬುಡದಿಂದ ಸ್ಪ್ರಿಂಗ್‌ಗಳು ಕತ್ತಿನ ಕಡೆಗೆ ಚಾಚಿ ‘ಕ್ಲಾ’ ಎಂಬ ಕೊಂಡಿಗೆ ಸಿಕ್ಕಿಕೊಂಡಿರುತ್ತವೆ. 9-42 ತಂತಿಗಳ ಒಟ್ಟು ಎಳೆತ ಸುಮಾರು 38 ಕಿಲೊ. ಅದು ತಟ್ಟೆಯನ್ನು ಮುಂದಕ್ಕೆ ಬಗ್ಗಿಸುತ್ತದೆ, ಸ್ಪ್ರಿಂಗ್ ಹಿಂದಕ್ಕೆ ಎಳೆಯುತ್ತದೆ. ಇದೊಂದು ತಕ್ಕಡಿ. ಬಾರ್ ಒತ್ತಿ ಬಿಟ್ಟ ಮೇಲೆ ಮುಳ್ಳು ಮೊದಲಿನ ಗೆರೆಗೇ ಬರಬೇಕು. ಬಾರದಿದ್ದರೆ ಎಲ್ಲೋ ಏನೋ ಉಜ್ಜುತ್ತಿದೆ.

ಉಜ್ಜುವ ಜಾಗ ಮುಖ್ಯವಾಗಿ ಎರಡು. ಒಂದು ಕೀಲು, ಅಂದರೆ ತಟ್ಟೆಯ ಅಂಚು ಸ್ಕ್ರೂಗಳನ್ನು ಮುಟ್ಟುವ ಜಾಗ. ಇನ್ನೊಂದು ನಟ್, ಅಂದರೆ ತಂತಿ ತಲೆಯ ಕಡೆಗೆ ಹಾಯುವ ತೋಡು. ಎರಡೂ ಶ್ರುತಿ ಕೆಡಿಸುತ್ತವೆ, ಆದರೆ ವಿರುದ್ಧ ದಿಕ್ಕಿಗೆ. ಪರೀಕ್ಷೆಯೆಲ್ಲ ನಿಂತಿರುವುದು ಇದರ ಮೇಲೆಯೇ.

ಕೀಲು ಹಿಡಿಯುತ್ತಿದ್ದರೆ, ಬಾರ್ ಒತ್ತಿ ಬಿಟ್ಟಾಗ ತಟ್ಟೆ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಕೂದಲೆಳೆಯಷ್ಟು ಮುಂದಕ್ಕೆ ಬಾಗಿಯೇ ಇರುತ್ತದೆ. ಆಗ ಆರೂ ತಂತಿ ಇಳಿಯುತ್ತವೆ. ಬಾರನ್ನು ಮೇಲಕ್ಕೆ ಎತ್ತಿ ಬಿಟ್ಟರೆ ಉಲ್ಟಾ: ತಟ್ಟೆ ಹಿಂದೆಯೇ ನಿಂತು ಆರೂ ಏರುತ್ತವೆ. ನಟ್ ಹಿಡಿಯುತ್ತಿದ್ದರೆ ಲೆಕ್ಕ ಬೇರೆ. ಬಾರ್ ಒತ್ತಿದಾಗ ತಂತಿ ಸಡಿಲವಾಗಿ ತುಸು ತಲೆಯ ಕಡೆಗೆ ಸರಿಯುತ್ತದೆ. ಬಿಟ್ಟಾಗ ನಟ್ಟಿನ ತೋಡು ಅದನ್ನು ಕಚ್ಚಿಹಿಡಿದರೆ ಸರಿದದ್ದು ವಾಪಸ್ ಬರುವುದಿಲ್ಲ. ನುಡಿಯುವ ಭಾಗದಲ್ಲಿ ತಂತಿ ಕಡಿಮೆಯಾಯಿತು, ಹಾಗಾಗಿ ಆ ತಂತಿ ಏರುತ್ತದೆ. ಬಾರ್ ಎತ್ತಿ ಬಿಟ್ಟಾಗ, ಅಥವಾ ಬೆರಳಿನಿಂದ ತಂತಿ ಎಳೆದು ಬಿಟ್ಟಾಗ, ಅದೇ ತಂತಿ ಇಳಿಯುತ್ತದೆ.

ಪರೀಕ್ಷೆಯ ಮೊದಲು ಹೊಸ ತಂತಿ ಹಾಕಲಾಯಿತು. ಹಳೆಯದರಲ್ಲಿ ಒಂದನೇ, ಅಂದರೆ ಅತಿ ಸಣ್ಣ ತಂತಿಯನ್ನು ಟ್ಯೂನರ್ ಕಂಬಕ್ಕೆ ಏಳು ಸುತ್ತು ಸುತ್ತಲಾಗಿತ್ತು. ಸುತ್ತು ಹೆಚ್ಚಿದಷ್ಟೂ ಬಿಗಿಯಾಗಲು, ಸಡಿಲವಾಗಲು ಅವಕಾಶ ಹೆಚ್ಚು. ಸಣ್ಣ ತಂತಿಗೆ ಮೂರು, ದಪ್ಪದಕ್ಕೆ ಎರಡು ಸುತ್ತು ಸಾಕು, ಒಂದರ ಮೇಲೊಂದು ಏರದಂತೆ ಕೆಳಮುಖವಾಗಿ. ಟ್ಯೂನರ್‌ಗಳ ಮುಂಭಾಗದ ಷಟ್ಕೋನ ಬುಶ್ ಎರಡು ಕಡೆ ಸಡಿಲವಿತ್ತು, 10 ಮಿ.ಮೀ. ಸ್ಪ್ಯಾನರ್‌ನಲ್ಲಿ ಕೈಬಿಗಿ ಮಾಡಿದ್ದಾಯಿತು. ಪ್ರತಿ ತಂತಿಯನ್ನು 12ನೇ ಫ್ರೆಟ್ಟಿನ ಬಳಿ ಮೇಲಕ್ಕೆ ಎಳೆದೆಳೆದು, ಇನ್ನು ಇಳಿಯುವುದಿಲ್ಲ ಎನ್ನುವವರೆಗೆ ಮತ್ತೆ ಮತ್ತೆ ಶ್ರುತಿ ಮಾಡಬೇಕು. ಶ್ರುತಿ ಯಾವಾಗಲೂ ಕೆಳಗಿನಿಂದ ಮೇಲಕ್ಕೇ. ಮೀರಿದರೆ ಕೆಳಗಿಳಿಸಿ ಮತ್ತೆ ಏರಿಸಬೇಕು. ಇಲ್ಲದಿದ್ದರೆ ಟ್ಯೂನರಿನ ಹಲ್ಲುಗಳ ನಡುವಿನ ಸಡಿಲು ಉಳಿದುಕೊಂಡು ಪರೀಕ್ಷೆಯೇ ಸುಳ್ಳಾಗುತ್ತದೆ. ಶ್ರುತಿ ಅಳೆಯುವ ಯಂತ್ರಕ್ಕೂ ಟ್ಯೂನರ್ ಎಂದೇ ಹೆಸರು; ತಲೆಗೆ ಸಿಕ್ಕಿಸುವ ಕ್ಲಿಪ್ ಟ್ಯೂನರಿಗಿಂತ ಕೇಬಲ್ ಮೂಲಕ ಓದುವ, ಸೆಂಟ್ ತೋರಿಸುವ ಟ್ಯೂನರ್ ಒಳ್ಳೆಯದು. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ 100 ಸೆಂಟ್. ಐದಾರು ಸೆಂಟ್ ತಪ್ಪಿದರೆ ತರಬೇತಾದ ಕಿವಿ ಹಿಡಿಯುತ್ತದೆ.

ಬಾರನ್ನು ಆರನೇ ತಂತಿ ಜೋಲುವಷ್ಟು ಮೂರು ಸಲ ಒತ್ತಿ, ನಿಧಾನ ಬಿಟ್ಟು ಓದಿದಾಗ: ಮೂರನೇ ತಂತಿಯನ್ನು ಬಿಟ್ಟು ಉಳಿದ ಐದೂ 6ರಿಂದ 10 ಸೆಂಟ್ ಇಳಿದಿದ್ದವು. ಮೂರನೆಯದು, ಅಂದರೆ ಜಿ ತಂತಿ, 5 ಸೆಂಟ್ ಏರಿತ್ತು. ಮತ್ತೆ ಶ್ರುತಿ ಮಾಡಿ, ಬಾರನ್ನು ಎತ್ತಿ ಬಿಟ್ಟು ಓದಿದರೆ ಐದು ತಂತಿ 6ರಿಂದ 9 ಸೆಂಟ್ ಏರಿದ್ದವು, ಜಿ 4 ಸೆಂಟ್ ಇಳಿದಿತ್ತು. ಕಾರ್ಡ್ ಅಷ್ಟು ಕೆಟ್ಟದಾಗಿ ಕೇಳಲು ಇದೇ ಕಾರಣ. ಎಲ್ಲವೂ ಒಟ್ಟಿಗೆ ಇಳಿದಿದ್ದರೆ ಒಬ್ಬರೇ ನುಡಿಸುವಾಗ ಗೊತ್ತೂ ಆಗುತ್ತಿರಲಿಲ್ಲ. ಒಂದು ತಂತಿ ಎದುರು ದಿಕ್ಕಿಗೆ ಹೋಗಿದ್ದರಿಂದ ನಡುವೆ 15 ಸೆಂಟ್‌ವರೆಗೆ ಬಿರುಕು.

ಓದು ಸ್ಪಷ್ಟ: ಕೀಲಿನಲ್ಲಿ ಉಜ್ಜಾಟ, ಅದರ ಮೇಲೆ ಜಿ ತಂತಿಗೆ ಮಾತ್ರ ನಟ್ಟಿನ ಹಿಡಿತ. ಎರಡನೆಯದನ್ನು ಖಚಿತ ಮಾಡಿಕೊಳ್ಳಲು ಜಿ ತಂತಿಯನ್ನು ಏಳನೇ ಫ್ರೆಟ್ಟಿನಲ್ಲಿ ಎರಡು ಸ್ವರಸ್ಥಾನ ಎಳೆದು ಬಿಡಲಾಯಿತು. 11 ಸೆಂಟ್ ಇಳಿಯಿತು, ನಟ್ಟಿನ ಬಳಿ ‘ಟಿಂಗ್’ ಎಂದು ಸಣ್ಣ ಸದ್ದೂ ಬಂತು. ಬಾರನ್ನು ಹಗುರಾಗಿ ಒಮ್ಮೆ ಅದುಮಿದೊಡನೆ ಬಹುಪಾಲು ಸರಿಹೋಯಿತು. ಟ್ಯೂನರ್ ಜಾರಿದ್ದರೆ ಅದು ಹಾಗೆ ವಾಪಸ್ ಬರುವುದಿಲ್ಲ. ಲಾಕಿಂಗ್ ಟ್ಯೂನರ್ ಸಲಹೆ ಅಲ್ಲಿಗೆ ಬಿದ್ದುಹೋಯಿತು.

ಕತ್ತು ಮೊದಲು

ಕೀಲಿಗೆ ಕೈ ಹಾಕುವ ಮೊದಲು ಕತ್ತನ್ನು ನೋಡಬೇಕು. ಕತ್ತು ಹೋಗಿದ್ದರೆ ಉಳಿದ ದುರಸ್ತಿ ವ್ಯರ್ಥ. ತಲೆಯ ಕಡೆಯಿಂದ ಕಣ್ಣು ನೆಟ್ಟು ಎರಡೂ ಅಂಚುಗಳನ್ನು ನೋಡಿದರೆ ತಿರುಚಿದ್ದು ಕಾಣುತ್ತದೆ. ಇಲ್ಲಿ ತಿರುಚಿರಲಿಲ್ಲ. ಮೊದಲ ಫ್ರೆಟ್ಟಿಗೆ ಕೇಪೊ (ತಂತಿಗಳನ್ನು ಒತ್ತಿಹಿಡಿವ ಹಿಡಿಕೆ) ಹಾಕಿ, ಕೊನೆಯ ಫ್ರೆಟ್ಟಿನಲ್ಲಿ ಆರನೇ ತಂತಿ ಒತ್ತಿ, ಎಂಟನೇ ಫ್ರೆಟ್ಟಿನ ತಲೆಗೂ ತಂತಿಗೂ ನಡುವಿನ ಸಂದು ಅಳೆದಾಗ 0.5 ಮಿ.ಮೀ.; ಇರಬೇಕಾದ್ದು 0.25ರ ಆಸುಪಾಸು. ಟ್ರಸ್ ರಾಡನ್ನು (ಕತ್ತಿನ ಬಾಗು ತಿದ್ದುವ ಒಳಗಿನ ಸರಳನ್ನು) ಪ್ರದಕ್ಷಿಣವಾಗಿ ಕಾಲು ಸುತ್ತು ಬಿಗಿದು ಅರ್ಧ ದಿನ ಬಿಟ್ಟು, ಮತ್ತೆ ಅಳೆದು, ಇನ್ನೊಂದು ಎಂಟನೇ ಒಂದು ಸುತ್ತು. ರಾಡ್ ಸಲೀಸಾಗಿ ತಿರುಗಿತು, ಕತ್ತು ಅದಕ್ಕೆ ಓಗೊಟ್ಟಿತು. ಈ ದರ್ಜೆಯಲ್ಲಿ ಇದೇ ದೊಡ್ಡ ಸಮಾಧಾನ. ಅಲೆನ್ ಕೀ ಅಳತೆ ಇಂಥ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ 4 ಅಥವಾ 5 ಮಿ.ಮೀ.; ‘ಹೆಚ್ಚುಕಮ್ಮಿ ಕೂರುತ್ತದೆ’ ಎನ್ನುವ ಕೀ ಹಾಕಿದರೆ ರಾಡಿನ ತಲೆ ಸವೆಯುತ್ತದೆ, ಆಮೇಲೆ ಕತ್ತೇ ಬದಲಿಸಬೇಕಾದೀತು.

ಫ್ರೆಟ್‌ಗಳ ಎತ್ತರಕ್ಕೆ ಎಟಿಎಂ ಕಾರ್ಡಿನ ಅಂಚೇ ಸಾಕು. ಒಂದೇ ಸಲ ಮೂರು ಫ್ರೆಟ್‌ಗಳ ಮೇಲೆ ಇಟ್ಟು ಆಡಿಸಿದಾಗ ತೂಗಿದರೆ ನಡುವಿನದು ಎತ್ತರ. ಕೆಳಗಿನ ಫ್ರೆಟ್‌ಗಳಿಗೆ ಕಾರ್ಡಿನ ಉದ್ದ ಅಂಚು, ನಡುವಿನವಕ್ಕೆ ಗಿಡ್ಡ ಅಂಚು, ಇನ್ನೂ ಮೇಲಿನವಕ್ಕೆ ಮೂರೇ ಫ್ರೆಟ್ ಮುಟ್ಟುವಂತೆ ಕತ್ತರಿಸಿದ ಹಳೆ ಕಾರ್ಡಿನ ತುಂಡು. ಹದಿನಾಲ್ಕನೆಯದು ಒಂದೇ ತುಸು ಎದ್ದಿತ್ತು. ರಬ್ಬರ್ ಸುತ್ತಿಗೆಯ ಎರಡು ಹಗುರ ಏಟಿಗೆ ಕೂತಿತು. ವೀಣೆಯಲ್ಲಾದರೆ ಮೇಣ ಬಿಸಿ ಮಾಡಿ ಮೆಟ್ಟಿಲನ್ನು ಸರಿಸಿಬಿಡಬಹುದು. ಗಿಟಾರಿನಲ್ಲಿ ಬಡಿದು ಕೂರಿಸಿದ ಫ್ರೆಟ್ ತಪ್ಪು ಜಾಗದಲ್ಲಿದ್ದರೆ ಅದು ಅಲ್ಲೇ.

ಆರು ಸ್ಕ್ರೂಗಳ ಸಾಲು

ಬಹುಪಾಲು ದೋಷ ಇಲ್ಲಿತ್ತು. ತಂತಿ ಸಡಿಲಿಸಿ, ಹಿಂಬದಿಯ ಮುಚ್ಚಳ ತೆಗೆದು, ಸ್ಪ್ರಿಂಗ್‌ಗಳನ್ನು ಇಕ್ಕಳದಿಂದ ಕ್ಲಾದಿಂದ ಬಿಡಿಸಬೇಕು. ಬಿಡಿಸುವಾಗ ಕಣ್ಣಿಗೆ ಕನ್ನಡಕ ಇರಲಿ, ಹಾರಿದ ಸ್ಪ್ರಿಂಗ್ ಒಡಲಿನ ಬಣ್ಣವನ್ನೂ ಬಿಡುವುದಿಲ್ಲ.

ಆರೂ ಸ್ಕ್ರೂಗಳನ್ನು ಕಾರ್ಖಾನೆಯಲ್ಲಿ ಕೊನೆಯವರೆಗೆ ಬಿಗಿದಿದ್ದರು. ತಟ್ಟೆಯ ಅಂಚು ಒಡಲಿಗೂ ಸ್ಕ್ರೂ ತಲೆಗೂ ನಡುವೆ ಸಿಕ್ಕಿಬಿದ್ದು, ಆಡಬೇಕಾದ ಕೀಲು ಹೋಗಿ ಬಾಗಿಲಿಗೆ ಚಿಲಕ ಹಾಕಿದಂತಾಗಿತ್ತು. ಅಗ್ಗದ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ತಪ್ಪು ಇದೇ. ಕಾರಣವೂ ಸುಲಭ: ಜೋಡಣೆಯ ಸಾಲಿನಲ್ಲಿ ಪವರ್ ಡ್ರೈವರ್ ಹಿಡಿದವರಿಗೆ ಸ್ಕ್ರೂ ಎಂದರೆ ಬಿಗಿಯುವ ವಸ್ತು.

ಸ್ಕ್ರೂಗಳನ್ನು ತೆಗೆದು ಉಕ್ಕಿನ ಅಡಿಪಟ್ಟಿಯನ್ನು ರಂಧ್ರಗಳ ಸಾಲಿಗೆ ಇಟ್ಟಾಗ ಇನ್ನೊಂದು ಕಂಡಿತು. ಹೊರಗಿನ ಎರಡು, ಅಂದರೆ ಒಂದು ಮತ್ತು ಆರನೆಯವು, ಗೆರೆಯ ಮೇಲಿದ್ದವು. ಎರಡು ಮತ್ತು ಐದನೆಯವು ಕತ್ತಿನ ಕಡೆಗೆ ಸುಮಾರು 0.7 ಮಿ.ಮೀ. ಸರಿದಿದ್ದವು. ಒಂದೇ ಗೆರೆಯಲ್ಲಿಲ್ಲದ ಕೀಲುಗಳ ಬಾಗಿಲು ಹೇಗೆ ಕಿರುಗುಟ್ಟುತ್ತದೋ ಇದೂ ಹಾಗೆ. ಮೂರನೆಯದು: ತಟ್ಟೆಯ ತೂತುಗಳ ಅಡಿಯಂಚಿನಲ್ಲಿ ಕ್ರೋಮ್ ಲೇಪನದ ಮುಳ್ಳುಗಳು ಹಾಗೇ ಇದ್ದವು. ಹಳೆಯ ಒಳ್ಳೆಯ ತಟ್ಟೆಗಳಲ್ಲಿ ತೂತಿನ ಅಡಿಭಾಗವನ್ನು ಇಳಿಜಾರಾಗಿ ಕೆತ್ತಿರುತ್ತಾರೆ. ಆಗ ತಟ್ಟೆ ಸ್ಕ್ರೂವಿಗೆ ತಾಗುವುದು ತೆಳು ಅಂಚಿನಲ್ಲಿ ಮಾತ್ರ. ಇಲ್ಲಿ ತೂತು ನೇರ ಕೊಳವೆಯಂತಿತ್ತು, ಇಡೀ ಗೋಡೆ ಸ್ಕ್ರೂವಿನ ಎಳೆಗಳ ಮೇಲೆ ಉಜ್ಜುತ್ತಿತ್ತು. ನಾಲ್ಕನೆಯದು: ಒಂದನೇ ತಂತಿಯ ಕಡೆಯ ಹೊರ ಸ್ಕ್ರೂ ತಿರುಗುತ್ತಲೇ ಇತ್ತು, ಹಿಡಿಯುತ್ತಿರಲಿಲ್ಲ. ಬಾಸ್‌ವುಡ್ ಮೆದು; ಅತಿಬಿಗಿತಕ್ಕೆ ಮರದ ಎಳೆ ಕಿತ್ತುಹೋಗಿತ್ತು.

ದುರಸ್ತಿ ನಡೆದ ಕ್ರಮ ಹೀಗೆ. ಕಿತ್ತ ರಂಧ್ರಕ್ಕೆ ಫೆವಿಕಾಲ್ ಅದ್ದಿದ ಗಟ್ಟಿ ಮರದ ಹಲ್ಲುಕಡ್ಡಿಗಳನ್ನು ತುಂಬಿ, ಒಂದು ದಿನ ಒಣಗಲು ಬಿಟ್ಟು, ಮಟ್ಟಕ್ಕೆ ಕತ್ತರಿಸಿ, ಹೊರ ಗೆರೆಯ ಮೇಲೆಯೇ 2.5 ಮಿ.ಮೀ. ಹೊಸ ತೂತು ನೇರವಾಗಿ ಕೊರೆಯಲಾಯಿತು. ಸ್ಕ್ರೂ ಹಾಕುವ ಮೊದಲು ಸಾಬೂನಿಗೆ ಒಮ್ಮೆ ಉಜ್ಜಿದರೆ ಮರ ಸೀಳುವುದಿಲ್ಲ. ತಟ್ಟೆಯನ್ನು ಮಗುಚಿ, ಹೊರಗಿನ ಎರಡು ತೂತುಗಳ ಅಡಿಯಂಚನ್ನು ಕೌಂಟರ್‌ಸಿಂಕ್ ಬಿಟ್ಟಿನಲ್ಲಿ ಕೈಯಿಂದಲೇ ನಾಲ್ಕೈದು ಸುತ್ತು ಕೆತ್ತಿದ್ದಾಯಿತು. ಡ್ರಿಲ್ ಯಂತ್ರ ಇಲ್ಲಿ ಬೇಡ, ಕಣ್ಣು ಮಿಟುಕಿಸುವುದರೊಳಗೆ ತೂತು ದೊಡ್ಡದಾಗುತ್ತದೆ. ಒಳಗಿನ ನಾಲ್ಕನ್ನು ದುಂಡು ಅರದಿಂದ ಅರ್ಧ ಮಿ.ಮೀ. ಅಗಲಿಸಿ ಸ್ಕ್ರೂ ತಾಗದಂತೆ ಮಾಡಲಾಯಿತು.

ಜೋಡಿಸುವಾಗ ತಟ್ಟೆ ಒಡಲಿಗೆ ಅಂಟಿ ಮಲಗಿರಬೇಕು. ಹೊರಗಿನ ಎರಡು ಸ್ಕ್ರೂಗಳನ್ನು ತಲೆ ತಟ್ಟೆಯನ್ನು ಸೋಕುವವರೆಗೆ ಮಾತ್ರ ಇಳಿಸಬೇಕು, ಒತ್ತಬಾರದು. ಒಳಗಿನ ನಾಲ್ಕು ತಟ್ಟೆಯಿಂದ 1.6 ಮಿ.ಮೀ. ಮೇಲೆ ನಿಂತಿರಬೇಕು; ಅವು ಇರುವುದು ಪಕ್ಕಕ್ಕೆ ಸರಿಯದಂತೆ ಕಾವಲಿಗೆ. ತಂತಿ, ಸ್ಪ್ರಿಂಗ್ ಯಾವುದೂ ಇಲ್ಲದೆ ತಟ್ಟೆಯ ಹಿಂಭಾಗವನ್ನು ಬೆರಳಿನಿಂದ ಎತ್ತಿ ಬಿಟ್ಟಾಗ ತನ್ನ ತೂಕಕ್ಕೇ ತೊಪ್ಪೆಂದು ಬೀಳಬೇಕು. ಮೊದಲು ಅದು ಎತ್ತಿದಲ್ಲೇ ನಿಲ್ಲುತ್ತಿತ್ತು. ಅಂಗಡಿಯಲ್ಲಿ ಈ ಪರೀಕ್ಷೆ ಮಾಡಲಾಗದು, ಮನೆಯಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ.

ನಟ್

ನಟ್ ಟೊಳ್ಳು ಪ್ಲಾಸ್ಟಿಕ್‌ನದು. ಬದಲಿಸಬೇಕೇ ಎಂಬ ಪ್ರಶ್ನೆ ಬಂತು, ಆದರೆ ಐದು ತಂತಿಗಳಿಗೆ ಅದು ಚೆನ್ನಾಗಿಯೇ ನಡೆಯುತ್ತಿತ್ತು. ಮೂರನೇ ಫ್ರೆಟ್ಟಿನಲ್ಲಿ ತಂತಿ ಒತ್ತಿ ಮೊದಲ ಫ್ರೆಟ್ಟಿನ ಮೇಲಿನ ಸಂದು ನೋಡುವುದು ಸರಿಯಾದ ಕ್ರಮ: ಸಣ್ಣ ತಂತಿಗೆ 0.1, ದಪ್ಪಕ್ಕೆ 0.2 ಮಿ.ಮೀ. ಇದ್ದರೆ ಸರಿ. ಜಿ ತಂತಿಗೆ 0.4 ಇತ್ತು. ತೋಡು ಇಕ್ಕಟ್ಟು ಮಾತ್ರವಲ್ಲ, ಎತ್ತರವೂ ಹೌದು. ಮೊದಲ ಸ್ಥಾನದ ಕಾರ್ಡ್‌ಗಳಲ್ಲಿ ಜಿ ತಂತಿ ಏರಿದಂತೆ ಕೇಳುತ್ತಿದ್ದದ್ದಕ್ಕೂ ಇದೇ ಕಾರಣ. ಅದನ್ನು ಬಾರಿನ ಖಾತೆಗೆ ಬರೆದಿದ್ದರು.

0.013 ಇಂಚಿನ ಹಳೆ ತಂತಿಯ ತುಂಡಿಗೆ 600 ನಂಬರಿನ ಉಪ್ಪುಕಾಗದ ಸುತ್ತಿ, ತಲೆಯ ಕಡೆಗೆ ಇಳಿಜಾರಾಗಿ, ಎಂಟು ಹತ್ತು ಸಲ ಎಳೆದು, ತಂತಿ ಕೂರಿಸಿ ಅಳೆದು, ಮತ್ತೆ ಎಳೆಯುವುದು. ಮೂರು ಸುತ್ತಿನಲ್ಲಿ 0.15ಕ್ಕೆ ಬಂತು. ಆತುರ ಪಟ್ಟು ಹೆಚ್ಚು ಇಳಿದರೆ ಬಿಡಿ ತಂತಿ ಮೊದಲ ಫ್ರೆಟ್ಟಿಗೆ ತಾಗಿ ಗುಯ್‌ಗುಡುತ್ತದೆ, ಆಗ ಹೊಸ ನಟ್ಟೇ ಗತಿ. ಕೊನೆಗೆ 4ಬಿ ಪೆನ್ಸಿಲ್ ಸೀಸದ ಪುಡಿಯನ್ನು ಚಿಟಿಕೆ ಪೆಟ್ರೋಲಿಯಂ ಜೆಲ್ಲಿಯಲ್ಲಿ ಕಲಸಿ ಆರೂ ತೋಡುಗಳಿಗೆ ಸೂಜಿಯಿಂದ ಸವರಲಾಯಿತು. ಎಚ್‌ಬಿ ಪೆನ್ಸಿಲ್‌ನಲ್ಲಿ ಜೇಡಿ ಹೆಚ್ಚು, ಅಷ್ಟು ಜಾರುವುದಿಲ್ಲ. ಒಂದು ಮತ್ತು ಎರಡನೇ ತಂತಿಯನ್ನು ತಲೆಯ ಮೇಲೆ ಒತ್ತಿಹಿಡಿವ ಸಣ್ಣ ಕೊಕ್ಕೆಯ ಅಡಿಯಲ್ಲೂ ಒರಟು ಇತ್ತು. ಅದೇ ಉಪ್ಪುಕಾಗದದಿಂದ ನುಣುಪು ಮಾಡಿದ್ದಾಯಿತು.

ಎರಡು ಎಟಿಎಂ ಕಾರ್ಡ್ ದಪ್ಪದ ತೇಲು

ತಟ್ಟೆ ಒಡಲಿನಿಂದ ಎಷ್ಟು ಎತ್ತರ ತೇಲಬೇಕು ಎಂಬುದಕ್ಕೆ ಫೆಂಡರ್ ಹೇಳುವ ಅಳತೆ ಹಿಂದಿನ ಅಂಚಿನಲ್ಲಿ 3.2 ಮಿ.ಮೀ. ಅಷ್ಟು ತೇಲಿಸಿದರೆ ಬಾರನ್ನು ಮೇಲಕ್ಕೂ ಚೆನ್ನಾಗಿ ಎತ್ತಬಹುದು. ಆದರೆ ತೇಲುವ ಬ್ರಿಡ್ಜಿಗೆ ಬೆಲೆಯೂ ಇದೆ: ಒಂದು ತಂತಿ ಎಳೆದರೆ ಉಳಿದವು ತುಸು ಇಳಿಯುತ್ತವೆ, ಒಂದು ಹರಿದರೆ ಉಳಿದ ಐದೂ ಏರುತ್ತವೆ, ಅಂಗೈ ಭಾರ ಬಿದ್ದರೂ ಶ್ರುತಿ ಅಲುಗುತ್ತದೆ. ಈ ವಾದಕನಿಗೆ ಬೇಕಿದ್ದದ್ದು ಮೆಲುವಾದ ಕಂಪನ ಅಷ್ಟೇ. ಅದಕ್ಕೆ 1.5 ಮಿ.ಮೀ. ಸಾಕು.

ಅದನ್ನು ಹೊಂದಿಸುವ ಸುಲಭ ದಾರಿ ಮತ್ತೆ ಎಟಿಎಂ ಕಾರ್ಡು. ಒಂದರ ದಪ್ಪ 0.76 ಮಿ.ಮೀ.; ಎರಡು ಸೇರಿ ಬೇಕಾದ ಅಳತೆ. ಮೂರು ಸ್ಪ್ರಿಂಗ್ ಹಾಕಿ, ಕ್ಲಾದ ಎರಡು ಉದ್ದ ಸ್ಕ್ರೂಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಬಿಗಿದು, ತಟ್ಟೆಯ ಹಿಂದಿನ ಅಂಚಿನ ಅಡಿಗೆ ಕಾರ್ಡ್‌ಗಳನ್ನು ಇಟ್ಟು, ಹಾಗೇ ಆರೂ ತಂತಿ ಶ್ರುತಿ ಮಾಡಬೇಕು. ಆಮೇಲೆ ಕ್ಲಾ ಸ್ಕ್ರೂಗಳನ್ನು ಸರದಿಯಂತೆ ಕಾಲು ಸುತ್ತು, ಕಾಲು ಸುತ್ತು ಸಡಿಲಿಸುತ್ತಾ ಹೋದರೆ ಒಂದು ಹಂತದಲ್ಲಿ ಕಾರ್ಡ್‌ಗಳು ಜಾರಿ ಹೊರಬರುತ್ತವೆ. ಅಲ್ಲಿ ತಕ್ಕಡಿ ಸಮ. ಶ್ರುತಿಯೂ ಕೆಡುವುದಿಲ್ಲ. ಕಾರ್ಡ್ ಇಲ್ಲದೆ, ಸ್ಪ್ರಿಂಗ್ ತಿರುಗಿಸಿ ಶ್ರುತಿ, ಶ್ರುತಿ ಮಾಡಿ ಸ್ಪ್ರಿಂಗ್ ಎಂದು ಹೊರಟರೆ ಐದಾರು ಸುತ್ತು ಹಗ್ಗ ಜಗ್ಗಾಟ ಗ್ಯಾರಂಟಿ.

ಆನಂತರ 17ನೇ ಫ್ರೆಟ್ಟಿನಲ್ಲಿ ತಂತಿಯ ಎತ್ತರ 1.6 ಮಿ.ಮೀ.ಗೆ, ಇಂಟೊನೇಶನ್ (ಒತ್ತಿದ ಸ್ವರಗಳು ಶ್ರುತಿಯಲ್ಲಿರುವುದು) ತಂತಿಯನ್ನು ಒತ್ತದೆ ಬರೀ ಸೋಕಿ ನುಡಿಸಿದ 12ನೇ ಫ್ರೆಟ್ಟಿನ ಹಾರ್ಮೊನಿಕ್‌ಗೆ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ (ಬ್ರಿಡ್ಜಿನಲ್ಲಿ ಪ್ರತಿ ತಂತಿ ಕೂರುವ ತುಂಡು) ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಆರೂ ಸ್ಯಾಡಲ್‌ಗಳಿಗೆ ಇನ್ನೂ ಸರಿಯಲು ಜಾಗ ಉಳಿದಿತ್ತು. ಬ್ರಿಡ್ಜನ್ನು ತಪ್ಪು ಜಾಗಕ್ಕೆ ಕೊರೆದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಮರುಪರೀಕ್ಷೆ: ಬಾರ್ ಒತ್ತಿ ಬಿಟ್ಟಾಗ ಆರೂ ತಂತಿ 1ರಿಂದ 2 ಸೆಂಟ್ ಇಳಿಕೆ. ಎತ್ತಿ ಬಿಟ್ಟಾಗ 1ರಿಂದ 2 ಸೆಂಟ್ ಏರಿಕೆ. ಜಿ ತಂತಿ ಈಗ ಉಳಿದವುಗಳ ಜತೆಗೇ. ಸೊನ್ನೆ ಅಲ್ಲ. ಆರು ಸ್ಕ್ರೂಗಳ ಬ್ರಿಡ್ಜಿನಿಂದ ಸೊನ್ನೆ ಬಯಸುವವರು ಬಾರನ್ನೇ ಬಿಚ್ಚಿಟ್ಟುಬಿಡುವುದು ಮೇಲು.

ಬದಲಿಸದೆ ಬಿಟ್ಟದ್ದು

ಬ್ಲಾಕ್ ಸತುವಿನ ಮಿಶ್ರಲೋಹದ್ದು. ಹಿಂಬದಿಯಿಂದ ಸಣ್ಣ ಅಯಸ್ಕಾಂತ ಮುಟ್ಟಿಸಿದರೆ ಅಂಟಲಿಲ್ಲ. ಉಕ್ಕಿನದಾಗಿದ್ದರೆ ಅಂಟುತ್ತಿತ್ತು. ಉಕ್ಕಿನ ಬ್ಲಾಕಿನಿಂದ ನಾದ ತುಂಬಿ ಬರುತ್ತದೆ ಎನ್ನುವವರಿದ್ದಾರೆ, ಅದು ಅವರವರ ಕಿವಿಗೆ ಬಿಟ್ಟದ್ದು. ಶ್ರುತಿ ವಾಪಸಾಗುವುದಕ್ಕೂ ಬ್ಲಾಕಿನ ಲೋಹಕ್ಕೂ ಸಂಬಂಧ ಇಲ್ಲ. ಸತುವಿನ ನಿಜವಾದ ದೌರ್ಬಲ್ಯ ಬೇರೆ ಕಡೆ: ಬಾರ್ ತಿರುಗಿಸಿ ಕೂರಿಸುವ ರಂಧ್ರದ ಎಳೆಗಳು ಬೇಗ ಸವೆದು ಬಾರ್ ಲೊಟಲೊಟ ಆಡುತ್ತದೆ. ಬಾರಿನ ಎಳೆಗೆ ನಲ್ಲಿಕೆಲಸದ ಟೆಫ್ಲಾನ್ ಟೇಪ್ ಎರಡು ಸುತ್ತು ಸುತ್ತಿದರೆ ನಿಲ್ಲುತ್ತದೆ. ಬಿಗಿ ಬರಲಿ ಎಂದು ಬಾರನ್ನು ಬಲವಾಗಿ ತಿರುಗಿಸಿದರೆ ಎಳೆ ಕಿತ್ತೇ ಹೋಗುತ್ತದೆ.

ಇಷ್ಟಾದರೂ ಬ್ರಿಡ್ಜ್ ಕೊಳ್ಳಲೇಬೇಕೆಂದರೆ ಮೂರು ಅಳತೆ ಬರೆದುಕೊಳ್ಳದೆ ಹಣ ಕೊಡಬಾರದು. ಒಂದು ಮತ್ತು ಆರನೇ ತಂತಿಯ ನಡುವಿನ ದೂರ: ಅಗ್ಗದ ಗಿಟಾರ್‌ಗಳಲ್ಲಿ ಹೆಚ್ಚಾಗಿ 52.5 ಮಿ.ಮೀ., ಹಳೆ ಅಮೆರಿಕನ್ ಮಾದರಿಯಲ್ಲಿ ಸುಮಾರು 56. ಹೊರಗಿನ ಎರಡು ಸ್ಕ್ರೂಗಳ ನಡುವಿನ ದೂರಕ್ಕೂ ಇದೇ ಗೊಂದಲ; ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಬ್ಲಾಕಿನ ಆಳ: ಮೂಲ ಸ್ಟ್ರಾಟೊಕ್ಯಾಸ್ಟರ್ ಒಡಲು ಸುಮಾರು 45 ಮಿ.ಮೀ. ದಪ್ಪ, ಅದಕ್ಕೆಂದು ಮಾಡಿದ 42 ಮಿ.ಮೀ. ಬ್ಲಾಕ್ ಈ 40 ಮಿ.ಮೀ. ಒಡಲಿನ ಬೆನ್ನಿನಿಂದ ಹೊರಗೆ ಇಣುಕುತ್ತದೆ. ಇದರಲ್ಲಿದ್ದದ್ದು 36 ಮಿ.ಮೀ. ಗಿಡ್ಡ ಬ್ಲಾಕಿನಲ್ಲಿ ಸನ್ನೆಗೋಲು ಗಿಡ್ಡ, ಅಷ್ಟೇ ತೂಕ ತಡೆಯಲು ಸ್ಪ್ರಿಂಗ್ ಹೆಚ್ಚು ಎಳೆಯಬೇಕು. 10-46 ತಂತಿಗೆ ಹೋದರೆ ಎಳೆತ 47 ಕಿಲೊ ಮುಟ್ಟುತ್ತದೆ, ಆಗ ನಾಲ್ಕನೇ ಸ್ಪ್ರಿಂಗ್ ಬೇಕಾಗಬಹುದು.

ಇದೇ ಬೆಲೆಯಲ್ಲಿ ಫ್ಲಾಯ್ಡ್ ರೋಸ್ ಮಾದರಿಯ, ತಂತಿಗಳನ್ನು ನಟ್ಟಿನಲ್ಲೂ ಬ್ರಿಡ್ಜಿನಲ್ಲೂ ಬಿಗಿದು ಹಿಡಿವ ಲಾಕಿಂಗ್ ಟ್ರೆಮೊಲೊ ಇರುವ ಗಿಟಾರೂ ಸಿಗುತ್ತದೆ. ಆಸೆ ಹುಟ್ಟಿಸುವ ವಸ್ತು. ಆದರೆ ಆ ವ್ಯವಸ್ಥೆ ನಿಂತಿರುವುದು ಚಾಕುವಿನಂಥ ಎರಡು ಅಂಚುಗಳ ಮೇಲೆ. ಮೆದು ಲೋಹದಲ್ಲಿ ಮಾಡಿದರೆ ಆ ಅಂಚು ಕೆಲವು ತಿಂಗಳಲ್ಲಿ ಮಡಚುತ್ತದೆ, ಮತ್ತೆ ಸಾಣೆ ಹಿಡಿದು ಬಹುಕಾಲ ಬಾಳಿಸಲಾಗದು. ಆರು ಸ್ಕ್ರೂಗಳ ಬ್ರಿಡ್ಜಿನ ದೋಷಗಳನ್ನಾದರೆ ಹಲ್ಲುಕಡ್ಡಿಯಲ್ಲಿ ಸರಿಪಡಿಸಬಹುದು.

ಪಿಕಪ್ ಬಗ್ಗೆ ಒಂದೇ ಎಚ್ಚರಿಕೆ. ಆರನೇ ತಂತಿ 15ನೇ ಫ್ರೆಟ್ಟಿನ ಮೇಲೆ ಎರಡು ಸ್ವರ ಒಟ್ಟಿಗೆ ಹೊಯ್ದಾಡಿದಂತೆ ಕೇಳುತ್ತಿತ್ತು. ಇಂಟೊನೇಶನ್ ಕೆಟ್ಟಿದೆ ಎಂದೇ ಅನಿಸುತ್ತದೆ, ಆದರೆ ಅದು ತಂತಿಗೆ ತೀರಾ ಹತ್ತಿರ ಏರಿಸಿದ ಪಿಕಪ್ಪಿನ ಅಯಸ್ಕಾಂತದ ಎಳೆತ. ಕೊನೆಯ ಫ್ರೆಟ್ ಒತ್ತಿದಾಗ ದಪ್ಪ ತಂತಿಯ ಕಡೆ 2.5, ಸಣ್ಣದರ ಕಡೆ 2 ಮಿ.ಮೀ. ಸಂದು ಬಿಟ್ಟಾಗ ಹೋಯಿತು. ಕ್ಲಾಗೆ ಬೆಸೆದ ಅರ್ಥಿಂಗ್ ತಂತಿ ಅಲುಗುತ್ತಿತ್ತು; ಮಲ್ಟಿಮೀಟರ್‌ನಲ್ಲಿ ಬ್ರಿಡ್ಜಿಗೂ ಜ್ಯಾಕಿನ ನೆಲತುದಿಗೂ ಒಂದು ಓಮ್‌ಗಿಂತ ಕಡಿಮೆ ಬರಬೇಕಿತ್ತು, ಅಲುಗಿಸಿದಾಗ ಕಡಿದುಹೋಗುತ್ತಿತ್ತು. ಕ್ಲಾ ಶಾಖ ಹೀರುತ್ತದೆ, 25 ವಾಟ್ ಬೆಸುಗೆ ಕೋಲಿನಲ್ಲಿ ಆಗದ ಕೆಲಸ. 60 ವಾಟ್ ಬೇಕಾಯಿತು.

ಅಂಗಡಿಯಲ್ಲಿ ಹತ್ತು ನಿಮಿಷ

ಈ ಗಿಟಾರ್ ಉಳಿಸಿಕೊಳ್ಳಲು ಯೋಗ್ಯವಾಗಿತ್ತೇ? ಹೌದು. ಅದರ ದೋಷಗಳೆಲ್ಲ ಕೆಲಸಗಾರಿಕೆಯವು, ಮೂಲದವಲ್ಲ. ತಿರುಚಿದ ಕತ್ತು, ಕೊನೆಯವರೆಗೆ ಬಿಗಿದಾಗಿರುವ ಟ್ರಸ್ ರಾಡ್, ಸರಿಯಲು ಜಾಗವೇ ಉಳಿಯದ ಸ್ಯಾಡಲ್, ಇವುಗಳಲ್ಲಿ ಒಂದಿದ್ದರೂ ಅಂಗಡಿಯಲ್ಲೇ ಬಿಟ್ಟು ಬರಬೇಕಿತ್ತು. ಹಾಗಾಗಿ ಕೊಳ್ಳುವಾಗ ಬ್ರಿಡ್ಜಿನ ಹೊಳಪಿಗಿಂತ ಕತ್ತಿಗೆ ಹೆಚ್ಚು ಹೊತ್ತು ಕೊಡಿ. ಅಂಚಿನುದ್ದಕ್ಕೂ ಕಣ್ಣು ಹಾಯಿಸಿ. ಒಂದು ಮತ್ತು ಆರನೇ ತಂತಿಗಳು ಫ್ರೆಟ್‌ಬೋರ್ಡಿನ ಎರಡೂ ಅಂಚುಗಳಿಂದ ಸಮದೂರದಲ್ಲಿವೆಯೇ ನೋಡಿ. ಒಂದು ಕಡೆ ಹೊರಕ್ಕೆ ಜಾರುವಂತಿದ್ದರೆ ಕತ್ತಿನ ಬೋಲ್ಟ್ ಸಡಿಲಿಸಿ ಸರಿಸಿದಾಗ ಸರಿಹೋಗಬಹುದು, ಹೋಗದೆಯೂ ಇರಬಹುದು, ಆ ಜೂಜು ನಿಮ್ಮದು. ಪ್ರತಿ ತಂತಿಯನ್ನು ಪ್ರತಿ ಫ್ರೆಟ್ಟಿನಲ್ಲಿ ಒಮ್ಮೆ ನುಡಿಸಿ. ಫೋನಿನ ಟ್ಯೂನರ್ ತೆರೆದಿಟ್ಟು ಬಾರನ್ನು ಒತ್ತಿ ಬಿಟ್ಟು ಓದಿ. ಎಲ್ಲ ಇಳಿದರೆ ಸ್ಕ್ರೂ, ಒಂದೇ ಏರಿದರೆ ನಟ್. ಎರಡಕ್ಕೂ ಮದ್ದಿದೆ, ಆದರೆ ಬೆಲೆ ಚೌಕಾಶಿಗೆ ಎರಡೂ ಒಳ್ಳೆಯ ಕಾರಣ.

ಮಾರ್ಚಿನಲ್ಲಿ ಮತ್ತೆ ನೋಡಿದಾಗ ಬೆಂಗಳೂರಿನ ಒಣಹವೆ ತನ್ನ ಪಾಲಿನ ಕೆಲಸ ಮಾಡಿತ್ತು. ಪೂರ್ತಿ ಒಣಗಿಸದೆ ಕತ್ತರಿಸಿದ ಮತ್ತಿಯ ಹಲಗೆ ಅಗಲದಲ್ಲಿ ಕುಗ್ಗಿ, ಫ್ರೆಟ್‌ಗಳ ತುದಿಗಳು ಗರಗಸದಂತೆ ಹೊರಗೆ ಇಣುಕುತ್ತಿದ್ದವು. ಕರಾವಳಿಯ ಮಳೆಗಾಲದಲ್ಲಾಗಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಮರದ ತುಂಡಿಗೆ ಓರೆಯಾಗಿ ಕೂರಿಸಿದ ಸಣ್ಣ ಅರದಿಂದ ತುದಿಗಳನ್ನು ಸವರಿ, ಹಲಗೆಗೆ ಎರಡು ಹನಿ ಲೆಮನ್ ಆಯಿಲ್ ತಿಕ್ಕಿ ಒರೆಸಲಾಯಿತು. ಕತ್ತಿನ ಸಂದು ತುಸು ಬದಲಾಗಿತ್ತು, ಎಂಟನೇ ಒಂದು ಸುತ್ತಿನ ಕೆಲಸ. ಬಾರ್ ಪರೀಕ್ಷೆಯಲ್ಲಿ ಆರೂ ತಂತಿ ಮತ್ತೆ 2 ಸೆಂಟ್ ಒಳಗೇ ಬಂದವು. ಹಲ್ಲುಕಡ್ಡಿ ತುಂಬಿದ ರಂಧ್ರದ ಸ್ಕ್ರೂ ಬಿಟ್ಟ ಜಾಗದಲ್ಲೇ ಇತ್ತು.